ಹರಿತ ಮಾತಿನ ರಾಯಭಾರಿ: ಕ್ಲೇರ್ ಬೂತ್ ಲೂಸ್



ಇವತ್ತು ಅಮೆರಿಕದಲ್ಲಿ ಮನೆ ಕಟ್ಟಿಕೊಂಡು, ಮತ ಹಾಕಿ, ತೆರಿಗೆ ಕಟ್ಟಿ ಬಾಳುತ್ತಿರುವ ಭಾರತೀಯರಲ್ಲಿ ಕ್ಲೇರ್ ಬೂತ್ ಲೂಸ್ ಎಂಬ ಹೆಸರು ಕೇಳಿದವರು ಬಹಳ ಮಂದಿ ಇರಲಿಕ್ಕಿಲ್ಲ. ಆದರೆ ಅವರು ಅಲ್ಲಿ ಪೌರರಾಗಿ ನಿಲ್ಲಲು ಮೊದಲ ಮೆಟ್ಟಿಲು ಹಾಕಿಕೊಟ್ಟ ಕಾಯಿದೆಯಲ್ಲಿ ಆಕೆಯ ಹೆಸರಿದೆ. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಅದು ಲೂಸ್–ಸೆಲರ್ ಕಾಯಿದೆ. ಆಕೆಯ ಬಗ್ಗೆ ನಾನು ಮಾತಾಡಬೇಕೆಂದುಕೊಂಡದ್ದಕ್ಕೆ ಅದೇ ಮೊದಲ ಕಾರಣ.

ನಾಟಕಕಾರ್ತಿ, ಪತ್ರಿಕಾ ಸಂಪಾದಕಿ, ಯುದ್ಧ ವರದಿಗಾರ್ತಿ, ಸಂಸದೆ, ರಾಯಭಾರಿ ಎಂದು ಪಟ್ಟಿ ಓದಿದರೆ ಸನ್ಮಾನ ಪತ್ರದಂತೆ ಕೇಳಿಸುತ್ತದೆ. ಪಟ್ಟಿಯ ಹಿಂದೆ ಒಂದು ಪ್ರಶ್ನೆ ಇದೆ, ನನ್ನ ಆಸಕ್ತಿ ಇರುವುದು ಅಲ್ಲಿ. ರಂಗದ ಮೇಲೆ ಚಪ್ಪಾಳೆ ಗಿಟ್ಟಿಸುವ ಚುರುಕು ಮಾತು, ಸಂಸತ್ತಿಗೂ ರಾಯಭಾರ ಕಚೇರಿಗೂ ಹೋದರೆ ಏನಾಗುತ್ತದೆ? ಕ್ಲೇರ್ ಬದುಕಿನ ಏಳುಬೀಳುಗಳಲ್ಲಿ ಬಹುಪಾಲು ಆಕೆಯ ನಾಲಗೆಯ ತುದಿಯಲ್ಲೇ ನಡೆದುಹೋದವು.

ಆಕೆ ಹುಟ್ಟಿದ್ದು 1903ರ ಮಾರ್ಚ್ 10ರಂದು, ನ್ಯೂಯಾರ್ಕ್‌ನಲ್ಲಿ. ತಾನು ಮಾತ್ರ ಜೀವನಪೂರ್ತಿ ಏಪ್ರಿಲ್ 10 ಎಂದೇ ಹೇಳಿಕೊಂಡು ಬಂದಳು. ತಂದೆತಾಯಿ ಮದುವೆಯಾದವರಲ್ಲ. ಅಪ್ಪ ಪಿಟೀಲು ನುಡಿಸುತ್ತಿದ್ದ, ವ್ಯಾಪಾರ ಮಾಡುತ್ತಿದ್ದ, ಕೊನೆಗೆ ಇಬ್ಬರೂ ಬೇರೆಯಾದರು. ಅಮ್ಮನಿಗೆ ಮಗಳ ಚೆಲುವೇ ಬಂಡವಾಳವಾಗಿ ಕಂಡಿತು. ಹತ್ತು ವರ್ಷದ ಹುಡುಗಿಯನ್ನು ಬ್ರಾಡ್‌ವೇಗೆ ಕರೆದೊಯ್ದು, ಮೇರಿ ಪಿಕ್‌ಫರ್ಡ್ ನಟಿಸುತ್ತಿದ್ದ ನಾಟಕವೊಂದರಲ್ಲಿ ಬದಲಿ ನಟಿಯಾಗಿ ಸೇರಿಸಿದಳು. ಶಾಲೆ ಮುಗಿದದ್ದು 1919ರಲ್ಲಿ. ಕಾಲೇಜಿನ ಪದವಿ ಕ್ಲೇರ್‌ಗೆ ಇರಲಿಲ್ಲ. ಸ್ವಲ್ಪ ಕಾಲ ಹೆಣ್ಣುಮಕ್ಕಳ ಹಕ್ಕಿಗಾಗಿ ದುಡಿಯುತ್ತಿದ್ದ ನ್ಯಾಷನಲ್ ವುಮನ್ಸ್ ಪಾರ್ಟಿಯ ಕೆಲಸ ಮಾಡಿದಳು. 1923ರಲ್ಲಿ ಜಾರ್ಜ್ ಬ್ರೋಕಾ ಎಂಬ ಸಿದ್ಧ ಉಡುಪಿನ ವ್ಯಾಪಾರದ ವಾರಸುದಾರನನ್ನು ಮದುವೆಯಾದಳು. ದುಡ್ಡಿಗೆ ಕೊರತೆ ಇರಲಿಲ್ಲ, ಕುಡಿತಕ್ಕೂ ಇರಲಿಲ್ಲ. 1929ರಲ್ಲಿ ವಿಚ್ಛೇದನ. ಕೈಯಲ್ಲಿ ಜೀವನಾಂಶದ ಹಣ, ಮಡಿಲಲ್ಲಿ ಆ್ಯನ್ ಎಂಬ ಮಗಳು.

ಆಮೇಲೆ ಆಕೆ ಕೆಲಸ ಗಿಟ್ಟಿಸಿದ ರೀತಿಯ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ವೋಗ್ ಪತ್ರಿಕೆಯ ಒಡೆಯ ಕಾಂಡೆ ನ್ಯಾಸ್ಟ್ ಕೆಲಸದ ಬಗ್ಗೆ ಖಚಿತವಾಗಿ ಏನೂ ಹೇಳದೆ ಯೂರೋಪಿಗೆ ಹೊರಟುಹೋದ. ಈಕೆ ನೇರವಾಗಿ ಕಚೇರಿಗೆ ಹೋಗಿ, ಖಾಲಿ ಇದ್ದ ಮೇಜೊಂದರ ಮುಂದೆ ಕೂತು ಕೆಲಸ ಶುರು ಮಾಡಿಬಿಟ್ಟಳು. ಯಾರೋ ನೇಮಿಸಿರಬೇಕು ಎಂದುಕೊಂಡು ಸಂಬಳದ ಪಟ್ಟಿಗೆ ಹೆಸರು ಸೇರಿತು! ಇದಕ್ಕೆ ಎಷ್ಟು ಉಪ್ಪುಖಾರ ಬೆರೆತಿದ್ದರೂ ಇರಲಿ, ಮುಂದಿನದು ದಾಖಲೆಯ ಮಾತು. ವೋಗ್‌ನಿಂದ ಅದೇ ಸಂಸ್ಥೆಯ ವ್ಯಾನಿಟಿ ಫೇರ್‌ಗೆ ಹೋಗಿ, 1933ರ ಹೊತ್ತಿಗೆ ಅದರ ವ್ಯವಸ್ಥಾಪಕ ಸಂಪಾದಕಿಯಾದಳು. ಅಷ್ಟರಲ್ಲಿ, 1931ರಲ್ಲಿ, ನ್ಯೂಯಾರ್ಕಿನ ಸಿರಿವಂತರನ್ನು ಗೇಲಿ ಮಾಡುವ ‘ಸ್ಟಫ್ಡ್ ಶರ್ಟ್ಸ್’ ಎಂಬ ಕಥಾಸಂಕಲನವೂ ಬಂದಿತ್ತು. ತಾನು ಊಟ ಮಾಡಿದ ಮನೆಗಳನ್ನೇ ಆಕೆ ಆಡಿಕೊಂಡಿದ್ದಳು. ಆ ಅಭ್ಯಾಸ ಕೊನೆಯವರೆಗೂ ಬಿಡಲಿಲ್ಲ.

1935ರ ನವೆಂಬರ್‌ನಲ್ಲಿ ಟೈಮ್ ಮತ್ತು ಫಾರ್ಚೂನ್ ಪತ್ರಿಕೆಗಳ ಒಡೆಯ ಹೆನ್ರಿ ಲೂಸ್‌ನೊಡನೆ ಮದುವೆ. ಆಕೆಯ ಮೊದಲ ಬ್ರಾಡ್‌ವೇ ನಾಟಕ ‘ಅಬೈಡ್ ವಿತ್ ಮಿ’ ನೆಲಕಚ್ಚಿದ್ದೂ ಅದೇ ತಿಂಗಳಲ್ಲಿ. ಮರುವರ್ಷ ಗಂಡ ಲೈಫ್ ಎಂಬ ಚಿತ್ರಪತ್ರಿಕೆ ಆರಂಭಿಸಿದ. ಚಿತ್ರಗಳೇ ಪ್ರಧಾನವಾದ ಪತ್ರಿಕೆಯ ಯೋಚನೆ ಕ್ಲೇರ್‌ಗೆ ಅದಕ್ಕೂ ಮುಂಚೆಯೇ ಇತ್ತು. ಆದರೆ ಲೈಫ್‌ನ ಸಂಪಾದಕೀಯ ಬಳಗದಲ್ಲಿ ಯಜಮಾನನ ಹೆಂಡತಿಗೆ ಕುರ್ಚಿ ಸಿಗಲಿಲ್ಲ. ಆಕೆ ಮತ್ತೆ ನಾಟಕದ ಕಡೆ ತಿರುಗಿದಳು.

1936ರ ಡಿಸೆಂಬರ್ 26ರಂದು ಎಥೆಲ್ ಬ್ಯಾರಿಮೋರ್ ರಂಗಮಂದಿರದಲ್ಲಿ ‘ದಿ ವಿಮೆನ್’ ನಾಟಕದ ಪರದೆ ಎದ್ದಿತು. ನಮ್ಮ ಎಷ್ಟೋ ವೃತ್ತಿ ಕಂಪನಿಗಳಲ್ಲಿ ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಕಟ್ಟುತ್ತಿದ್ದ ದಿನಗಳು ಇನ್ನೂ ಹಳತಾಗಿರಲಿಲ್ಲ ಎಂಬುದನ್ನು ನೆನೆದುಕೊಂಡು ಕೇಳಿ: ಈ ನಾಟಕದಲ್ಲಿ ಮೊದಲಿನಿಂದ ಕೊನೆಯವರೆಗೆ ಒಬ್ಬ ಗಂಡಸೂ ರಂಗಕ್ಕೆ ಬರುವುದಿಲ್ಲ. ಗಂಡಂದಿರು, ಪ್ರಿಯಕರರು, ವಕೀಲರು ಎಲ್ಲರೂ ಮಾತಿನಲ್ಲಿ ಮಾತ್ರ ಇದ್ದಾರೆ. ಮೇರಿ ಹೇನ್ಸ್ ಎಂಬ ಸಂಭಾವಿತ ಗೃಹಿಣಿಗೆ ತನ್ನ ಗಂಡನ ವ್ಯವಹಾರ ಗೊತ್ತಾಗುವುದು ಬ್ಯೂಟಿ ಪಾರ್ಲರ್‌ನಲ್ಲಿ, ಉಗುರಿಗೆ ಕೆಂಪು ಬಣ್ಣ ಹಚ್ಚುವ ಹುಡುಗಿಯ ಬಾಯಿಂದ. ಬಣ್ಣ ಹಚ್ಚುತ್ತ ಆ ಹುಡುಗಿ, ಎದುರಿಗೆ ಕೂತವಳು ಯಾರೆಂದು ತಿಳಿಯದೆ, ಸುಗಂಧ ಮಾರುವ ಕ್ರಿಸ್ಟಲ್ ಆ್ಯಲನ್ ಎಂಬವಳು ಹೇನ್ಸ್ ಸಾಹೇಬನನ್ನು ಹೇಗೆ ಬುಟ್ಟಿಗೆ ಹಾಕಿಕೊಂಡಳು ಎಂದು ವಿವರಿಸುತ್ತ ಹೋಗುತ್ತಾಳೆ. ಆ ಪಾರ್ಲರ್‌ಗೆ ಮೇರಿ ಹೋಗುವಂತೆ ಮಾಡಿದವಳು ಅವಳ ಗೆಳತಿಯೇ! ಕಥೆ ಅಲ್ಲಿಂದ ರೀನೋ ಪಟ್ಟಣಕ್ಕೆ ಹೋಗುತ್ತದೆ. ನೆವಾಡಾ ರಾಜ್ಯದಲ್ಲಿ ಆರು ವಾರ ವಾಸವಿದ್ದರೆ ವಿಚ್ಛೇದನ ಸಿಗುತ್ತಿತ್ತಾದ್ದರಿಂದ ಸಿರಿವಂತ ಹೆಂಗಸರು ಗುಂಪುಗುಂಪಾಗಿ ಅಲ್ಲಿಗೆ ಹೋಗಿ ದಿನ ಎಣಿಸುತ್ತಿದ್ದರು. ಕ್ಲೇರ್ ಕೂಡ ಬ್ರೋಕಾನಿಂದ ಬಿಡಿಸಿಕೊಂಡದ್ದು ರೀನೋದಲ್ಲೇ.

ನಾಟಕ 657 ಪ್ರಯೋಗ ಕಂಡಿತು. 1939ರಲ್ಲಿ ಜಾರ್ಜ್ ಕ್ಯೂಕರ್ ನಿರ್ದೇಶನದಲ್ಲಿ ಸಿನಿಮಾ ಆಯಿತು. ನಾರ್ಮಾ ಶಿಯರರ್, ಜೋನ್ ಕ್ರಾಫರ್ಡ್, ರೋಸಲಿಂಡ್ ರಸೆಲ್ ನಟಿಸಿದರು. ಹೆಣ್ಣು ಹೆಣ್ಣಿಗೇ ಶತ್ರು ಎಂಬ ಹಳೆಯ ಮಾತಿಗೆ ಇದು ಸಾಕ್ಷಿ ಒದಗಿಸಿತು ಎಂದು ಕೆಲವರು ಆಗಲೇ ಬೈದರು, ಈಗಲೂ ಬೈಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಾಟಕವನ್ನು ಗಮನವಿಟ್ಟು ಓದಿ ನೋಡಿ. ಅಲ್ಲಿ ಸುಮ್ಮನೆ ಕೂತು ಮಾತಿನಲ್ಲೇ ಇರಿಯುವವರು ಗಂಡನ ದುಡ್ಡಿನ ಮೇಲೆ ಬದುಕುವ ಪಾರ್ಕ್ ಅವೆನ್ಯೂ ಹೆಂಗಸರು. ಉಗುರು ತಿದ್ದುವವಳು, ಅಡಿಗೆಯವಳು, ಸೇವಕಿ, ದಾದಿ ಇವರೆಲ್ಲ ಅವರ ಸುತ್ತ ದುಡಿಯುತ್ತಲೇ ಇರುತ್ತಾರೆ, ನೋಡುತ್ತಲೇ ಇರುತ್ತಾರೆ. ಮನೆ ಒಡೆದ ಸುದ್ದಿಯನ್ನು ಅಡಿಗೆಮನೆಯಲ್ಲಿ ಕೆಲಸದವರು ಚರ್ಚಿಸುವ ದೃಶ್ಯ ನಾಟಕದ ಅತ್ಯುತ್ತಮ ದೃಶ್ಯಗಳಲ್ಲಿ ಒಂದು. ನಾಟಕದ ಗುರಿ ಹೆಣ್ಣುಕುಲವಲ್ಲ, ಕೆಲಸವಿಲ್ಲದ ಸಿರಿತನ. ಈ ನಾಟಕವನ್ನು ಬರೆದವನು ನಾಟಕಕಾರ ಜಾರ್ಜ್ ಕಾಫ್‌ಮನ್ ಇರಬೇಕು ಎಂಬ ವದಂತಿಯೂ ಹಬ್ಬಿತ್ತು. ಚೆಲುವೆಯೂ ಶ್ರೀಮಂತನ ಹೆಂಡತಿಯೂ ಆದವಳು ಇಷ್ಟು ಚೂಪಾಗಿ ಬರೆಯಲಾರಳು ಎಂದೇ ತಾನೆ ಅದರ ಅರ್ಥ? ಕಾಫ್‌ಮನ್ ತಾನಲ್ಲ ಎಂದು ಹೇಳಬೇಕಾಯಿತು.

ಮುಂದಿನ ಎರಡು ನಾಟಕಗಳನ್ನು, ‘ಕಿಸ್ ದಿ ಬಾಯ್ಸ್ ಗುಡ್‌ಬೈ’ ಮತ್ತು ನಾಜಿಗಳನ್ನು ಗೇಲಿ ಮಾಡುವ ‘ಮಾರ್ಜಿನ್ ಫಾರ್ ಎರರ್’, ಹೆಸರಿಸಿ ಮುಂದೆ ಹೋಗುತ್ತೇನೆ. ಯುದ್ಧ ಬಂತು. 1940ರ ಮೇ 10ರಂದು ಜರ್ಮನ್ ಬಾಂಬುಗಳು ಬೆಲ್ಜಿಯಂ ಮೇಲೆ ಬಿದ್ದಾಗ ಆಕೆ ಬ್ರಸೆಲ್ಸ್‌ನಲ್ಲಿ ಅಮೆರಿಕದ ರಾಯಭಾರಿಯ ಮನೆಯಲ್ಲಿ ಅತಿಥಿಯಾಗಿದ್ದಳು. ಆ ದಿನಗಳನ್ನು ‘ಯೂರೋಪ್ ಇನ್ ದಿ ಸ್ಪ್ರಿಂಗ್’ ಪುಸ್ತಕದಲ್ಲಿ ಬರೆದಳು. ಲೈಫ್‌ಗಾಗಿ ಫಿಲಿಪೀನ್ಸಿಗೆ ಹೋಗಿ ಜನರಲ್ ಮೆಕಾರ್ಥರ್ ಬಗ್ಗೆ ಬರೆದ ಲೇಖನ 1941ರ ಡಿಸೆಂಬರ್ 8ರ ಸಂಚಿಕೆಯಲ್ಲಿ ಬಂತು, ಅಂದರೆ ಪರ್ಲ್ ಹಾರ್ಬರ್ ದಾಳಿಯ ಮರುದಿನದ ತಾರೀಖಿನಲ್ಲಿ. ಪತ್ರಕರ್ತರಿಗೆ ಇಂಥ ಅದೃಷ್ಟ ಎಲ್ಲರಿಗೂ ಒಲಿಯುವುದಿಲ್ಲ. 1942ರಲ್ಲಿ ಬರ್ಮಾ, ಚೀನಾ, ಭಾರತಗಳನ್ನು ಸುತ್ತಿದಳು. ಅಮೆರಿಕದ ಜನರಲ್ ಸ್ಟಿಲ್‌ವೆಲ್‌ನನ್ನು, ಚಿಯಾಂಗ್ ಕೈ-ಷೆಕ್‌ನನ್ನು, ಜವಾಹರಲಾಲ್ ನೆಹರೂ ಅವರನ್ನು ಕಂಡಳು. ಬ್ರಿಟಿಷ್ ಸೇನೆಯ ಬಗ್ಗೆ ಆಕೆ ಬರೆದುಕೊಂಡಿದ್ದ ಕಟು ಟಿಪ್ಪಣಿಗಳು ಹಿಂದಿರುಗುವ ದಾರಿಯಲ್ಲಿ, ಟ್ರಿನಿಡಾಡ್‌ನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಗೆ ಸಿಕ್ಕು ರಾದ್ಧಾಂತವಾಯಿತು.

ಅದೇ ವರ್ಷ ಕನೆಕ್ಟಿಕಟ್ ರಾಜ್ಯದ ಫೇರ್‌ಫೀಲ್ಡ್ ಕೌಂಟಿಯಿಂದ ರಿಪಬ್ಲಿಕನ್ ಅಭ್ಯರ್ಥಿಯಾಗಿ ಸಂಸತ್ತಿನ ಕೆಳಮನೆಗೆ ಗೆದ್ದಳು. ಸೋತವನು, ಎರಡು ವರ್ಷದ ಹಿಂದೆ ಆಕೆಯ ಮಲತಂದೆಯನ್ನು ಸೋಲಿಸಿದ್ದ ಡೆಮಾಕ್ರಾಟ್. 1943ರ ಫೆಬ್ರವರಿಯಲ್ಲಿ ಮೊದಲ ಭಾಷಣ. ಯುದ್ಧಾನಂತರದ ವಿಮಾನಯಾನದ ಬಗ್ಗೆ ಸಾಕಷ್ಟು ಓದಿಕೊಂಡೇ ಆಡಿದ ಭಾಷಣ ಅದು. ಆದರೆ ಉಪಾಧ್ಯಕ್ಷ ವ್ಯಾಲೆಸ್‌ನ ವಿಚಾರಗಳನ್ನು ಹಂಗಿಸಲು ಆಕೆ ‘ಗ್ಲೋಬಲ್’ಗೆ ‘ಬಲೋನಿ’, ಅಂದರೆ ಹುರುಳಿಲ್ಲದ ಮಾತು, ಬೆಸೆದು ಟಂಕಿಸಿದ ‘ಗ್ಲೋಬಲೋನಿ’ ಎಂಬ ಒಂದು ಶಬ್ದವನ್ನು ಹಿಡಿದುಕೊಂಡು ಪತ್ರಿಕೆಗಳು ಉಳಿದದ್ದನ್ನೆಲ್ಲ ಕೈಬಿಟ್ಟವು. ಶಬ್ದ ಗೆದ್ದಿತು, ಭಾಷಣ ಸೋತಿತು.

ಇಂಥವಳು ಸದ್ದಿಲ್ಲದೆ ಮಾಡಿದ ಕೆಲಸವೇ ನಾನು ಮೊದಲು ಹೇಳಿದ ಕಾಯಿದೆ. ಅದರ ಹಿನ್ನೆಲೆಯನ್ನು ತುಸು ಬಿಡಿಸಬೇಕು. 1917ರ ವಲಸೆ ಕಾಯಿದೆ ಭಾರತವೂ ಸೇರಿ ಏಷ್ಯಾದ ಬಹುಭಾಗದ ಜನರಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಕಾನೂನಿನ ಅರ್ಥದಲ್ಲಿ ‘ಬಿಳಿಯರು’ ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಥಿಂಡ್ ಆ ದೇಶದ ಸೇನೆಯಲ್ಲೇ ಸೇವೆ ಮಾಡಿದ್ದವನು. ಆಮೇಲೆ ಅದಾಗಲೇ ಪೌರತ್ವ ಪಡೆದವರಿಂದಲೂ ಅದನ್ನು ಕಿತ್ತುಕೊಳ್ಳುವ ಕೆಲಸ ಶುರುವಾಯಿತು. ಸ್ಯಾನ್‌ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಹೀಗೆ ಪೌರತ್ವ ಕಳೆದುಕೊಂಡು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಕ್ಯಾಲಿಫೋರ್ನಿಯಾದಲ್ಲಿ ಪೌರತ್ವಕ್ಕೆ ಅರ್ಹರಲ್ಲದವರು ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. ಹಾಗಾಗಿ ಅಲ್ಲಿನ ಪಂಜಾಬಿ ರೈತರು ತಾವು ಉತ್ತ ನೆಲವನ್ನು ಬೇರೆಯವರ ಹೆಸರಿನಲ್ಲಿ ಇಟ್ಟುಕೊಂಡು ಬದುಕಬೇಕಾಗಿತ್ತು. 1940ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಇದ್ದ ಭಾರತೀಯರು 2,405 ಮಂದಿ.

ಇಷ್ಟು ಚಿಕ್ಕ ಗುಂಪಿನ ಪರವಾಗಿ ಮಾತಾಡಿದರೆ ಯಾವ ರಾಜಕಾರಣಿಗೂ ಮತ ಬರುವುದಿಲ್ಲ. ನ್ಯೂಯಾರ್ಕಿನ ವ್ಯಾಪಾರಿ, ಇಂಡಿಯಾ ಲೀಗ್ ಆಫ್ ಅಮೆರಿಕದ ಅಧ್ಯಕ್ಷ ಜೆ.ಜೆ. ಸಿಂಗ್ ಸಂಸದರ ಕಚೇರಿಗಳಿಗೆ ಎಡತಾಕಿ, ಕೊನೆಗೆ ಇಬ್ಬರನ್ನು ಒಲಿಸಿಕೊಂಡ: ರಿಪಬ್ಲಿಕನ್ ಕ್ಲೇರ್ ಲೂಸ್, ಬ್ರೂಕ್ಲಿನ್‌ನ ಡೆಮಾಕ್ರಾಟ್ ಇಮ್ಯಾನ್ಯುಯೆಲ್ ಸೆಲರ್. 1944ರಲ್ಲಿ ಮಸೂದೆಗಳು ಬಂದವು. ವಿರೋಧ ಬಲವಾಗಿತ್ತು, ಕಾಯಿದೆಯಾಗಲು ಎರಡು ವರ್ಷಕ್ಕೂ ಮೇಲೆ ಹಿಡಿಯಿತು. ಕೊನೆಗೆ ಸಿಕ್ಕಿದ್ದೇನು? ವರ್ಷಕ್ಕೆ ನೂರು ಭಾರತೀಯರಿಗೆ ವಲಸೆಯ ಅವಕಾಶ, ಜೊತೆಗೆ ಪೌರತ್ವದ ಹಕ್ಕು. ಫಿಲಿಪೀನ್ಸಿನವರಿಗೂ ಅಷ್ಟೇ.

ನೂರು ಎಂಬುದು ಎಷ್ಟು ಜಿಪುಣ ಸಂಖ್ಯೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಕ್ಲೇರ್ ಕೂಡ ಬಾಗಿಲನ್ನು ಅಗಲವಾಗಿ ತೆರೆಯಬೇಕೆಂದು ವಾದಿಸಿದವಳಲ್ಲ. ಯುದ್ಧದಲ್ಲಿ ಭಾರತದ ಸೈನಿಕರು ನಮ್ಮ ಪಕ್ಕದಲ್ಲಿ ಹೋರಾಡುತ್ತಿರುವಾಗ ಜನಾಂಗದ ಹೆಸರಿನಲ್ಲಿ ಅವರನ್ನು ದೂರವಿಡುವುದು ಶತ್ರುವಿನ ಕೈಗೆ ನಾವೇ ಪ್ರಚಾರದ ಸಾಮಗ್ರಿ ಕೊಟ್ಟಂತೆ ಎಂಬುದು ಆಗಿನ ವಾದದ ಮುಖ್ಯ ಎಳೆ. ಅದರಲ್ಲಿ ನ್ಯಾಯಬುದ್ಧಿಯೂ ಇತ್ತು, ಲೆಕ್ಕಾಚಾರವೂ ಇತ್ತು. ಆದರೆ ಪೌರತ್ವದ ಹಕ್ಕಿಗೆ ನೂರರ ಮಿತಿ ಇರಲಿಲ್ಲ. ಆಗಲೇ ಅಲ್ಲಿದ್ದವರು ಈಗ ಅರ್ಜಿ ಹಾಕಬಹುದಿತ್ತು, ತಮ್ಮ ಹೆಸರಿನಲ್ಲೇ ಜಮೀನು ಕೊಳ್ಳಬಹುದಿತ್ತು. ಕ್ಯಾಲಿಫೋರ್ನಿಯಾದ ರೈತ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರನಾಗಿ, 1956ರಲ್ಲಿ ಸಂಸತ್ತಿಗೇ ಆರಿಸಿ ಬಂದ. ಕೋಟಾ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ನಮ್ಮ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಇಂಡಿಯಾನಾಕ್ಕೆ ಹೋದಾಗಲೂ ಭಾರತದಿಂದ ವಲಸೆ ಹೋಗುವವರ ವಾರ್ಷಿಕ ಮಿತಿ ನೂರೇ. ಬಾಗಿಲು ಅಗಲವಾದದ್ದು 1965ರ ಹಾರ್ಟ್–ಸೆಲರ್ ಕಾಯಿದೆಯಿಂದ. ಈ ಸೆಲರ್ ಆ ಸೆಲರೇ. ಕನ್ನಡಿಗ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅತ್ತ ಹೊರಟದ್ದು ಅದರ ನಂತರ.

ಕಾಯಿದೆಯ ಈ ಎರಡು ವರ್ಷಗಳು ಆಕೆಯ ಖಾಸಗಿ ಬದುಕಿನ ಅತ್ಯಂತ ಕತ್ತಲೆಯ ವರ್ಷಗಳೂ ಹೌದು. 1944ರ ಜನವರಿ 11ರಂದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಗಳು ಆ್ಯನ್ ಕಾರು ಅಪಘಾತದಲ್ಲಿ ತೀರಿಕೊಂಡಳು. ಹತ್ತೊಂಬತ್ತು ವರ್ಷ. ಕ್ಲೇರ್‌ಗೆ ಬೇರೆ ಮಕ್ಕಳಿರಲಿಲ್ಲ. 1946ರ ಫೆಬ್ರವರಿಯಲ್ಲಿ ಆಕೆ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದಳು, ಮರು ಚುನಾವಣೆಗೆ ನಿಲ್ಲಲಿಲ್ಲ.

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಆಕೆಯನ್ನು ಇಟಲಿಗೆ ರಾಯಭಾರಿಯಾಗಿ ನೇಮಿಸಿದ. ಅಮೆರಿಕದಿಂದ ಹೆಣ್ಣೊಬ್ಬಳು ರಾಯಭಾರಕ್ಕೆ ಹೋದದ್ದು ಇದೇ ಮೊದಲಲ್ಲ. 1933ರಲ್ಲೇ ರೂತ್ ಬ್ರಯನ್ ಓವೆನ್, 1949ರಲ್ಲಿ ಯೂಜೀನಿ ಆ್ಯಂಡರ್ಸನ್ ಡೆನ್ಮಾರ್ಕಿಗೆ ಹೋಗಿದ್ದರು. ಆದರೆ ಇಟಲಿಯಂಥ ದೊಡ್ಡ ದೇಶಕ್ಕೆ ಇದು ಮೊದಲು. ಈ ವಿಷಯದಲ್ಲಿ ನಾವು ಹಿಂದಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ವಿಜಯಲಕ್ಷ್ಮಿ ಪಂಡಿತ್ ಅಷ್ಟರಲ್ಲಿ ಮಾಸ್ಕೋ, ವಾಷಿಂಗ್ಟನ್ ಎರಡರಲ್ಲೂ ರಾಯಭಾರಿಯಾಗಿ ಕೆಲಸ ಮಾಡಿ, 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದರು.

ಹೋದ ಎರಡು ತಿಂಗಳೊಳಗೆ ಕ್ಲೇರ್ ಎಡವಿದಳು. ಜೂನ್ 7ಕ್ಕೆ ಇಟಲಿಯಲ್ಲಿ ಮಹಾಚುನಾವಣೆ. ಮೇ 28ರಂದು ಮಿಲಾನ್‌ನ ಭಾಷಣದಲ್ಲಿ, ಇಟಲಿಯ ಜನ ಎಡ ಅಥವಾ ಬಲದ ಸರ್ವಾಧಿಕಾರಕ್ಕೆ ಬಲಿಯಾದರೆ ಅಮೆರಿಕದೊಡನೆ ಇರುವ ಸಹಕಾರದ ಮೇಲೆ ಗಂಭೀರ ಪರಿಣಾಮವಾದೀತು ಎಂದು ಎಚ್ಚರಿಸಿದಳು. ಪರದೇಶದ ರಾಯಭಾರಿ ಮತದಾರರನ್ನು ಹೆದರಿಸುತ್ತಿದ್ದಾಳೆ ಎಂದು ಇಟಲಿಯ ಪತ್ರಿಕೆಗಳು ಕೆಂಡವಾದವು. ಅದರಲ್ಲಿ ತಪ್ಪೇನೂ ಇಲ್ಲ, ಅದು ಹಸ್ತಕ್ಷೇಪವೇ. ಅಮೆರಿಕಕ್ಕೆ ಬೇಕಾಗಿದ್ದ ಪ್ರಧಾನಿ ಡಿ ಗ್ಯಾಸ್ಪೆರಿಯ ಕೂಟ ಶೇಕಡಾ 50ರ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ಮುಟ್ಟದೆ ಹೋಯಿತು. ಸೋಲಿಗೆ ಆ ಭಾಷಣವೇ ಕಾರಣವೆಂದು ಹೇಳುವುದು ಅತಿಯಾದೀತು, ಆದರೆ ಅದರಿಂದ ಉಪಕಾರವಂತೂ ಆಗಲಿಲ್ಲ. ಕಮ್ಯುನಿಸ್ಟ್ ಸಂಘಗಳು ಬಲವಾಗಿದ್ದ ಕಾರ್ಖಾನೆಗಳಿಗೆ ಅಮೆರಿಕದ ರಕ್ಷಣಾ ಗುತ್ತಿಗೆ ಸಿಗದಂತೆ ಮಾಡುವ ನೀತಿಯನ್ನೂ ಆಕೆ ಬಿಗಿಯಾಗಿ ಹಿಡಿದಳು. ಕಾರ್ಮಿಕನ ಮತಕ್ಕೂ ಅನ್ನಕ್ಕೂ ಗಂಟು ಹಾಕುವ ಈ ಕೆಲಸವನ್ನು ನಾನು ಸಮರ್ಥಿಸಲಾರೆ.

ಟ್ರಿಯೆಸ್ಟೆ ವಿಷಯದಲ್ಲಿ ಬೇರೆಯೇ ಕ್ಲೇರ್ ಕಾಣುತ್ತಾಳೆ. ಆ ಬಂದರು ನಗರ ಮತ್ತು ಸುತ್ತಲ ಪ್ರದೇಶವನ್ನು ಯುದ್ಧದ ನಂತರ ಎರಡು ವಲಯ ಮಾಡಲಾಗಿತ್ತು. ನಗರವಿದ್ದ ‘ಎ’ ವಲಯ ಬ್ರಿಟನ್–ಅಮೆರಿಕಗಳ ಸೇನಾಡಳಿತದಲ್ಲಿ, ‘ಬಿ’ ವಲಯ ಯುಗೊಸ್ಲಾವಿಯದ ಕೈಯಲ್ಲಿ. 1953ರ ಅಕ್ಟೋಬರ್‌ನಲ್ಲಿ ‘ಎ’ ವಲಯವನ್ನು ಇಟಲಿಗೆ ಬಿಟ್ಟುಕೊಡುತ್ತೇವೆ ಎಂಬ ಘೋಷಣೆ ಹೊರಬಿದ್ದಾಗ ಯುಗೊಸ್ಲಾವಿಯದ ನಾಯಕ ಟಿಟೋ ಗುಡುಗಿದ, ಎರಡೂ ಕಡೆ ಸೇನೆ ಗಡಿಗೆ ಬಂತು, ನವೆಂಬರ್‌ನಲ್ಲಿ ನಗರದ ಬೀದಿಯಲ್ಲಿ ಆರು ಜನ ಸತ್ತರು. ಇಷ್ಟು ಸಣ್ಣ ಊರಿಗಾಗಿ ಇಟಲಿಯ ಸರ್ಕಾರವನ್ನು, ಆ ಮೂಲಕ ಇಡೀ ಮಿತ್ರಕೂಟವನ್ನು ಕಳೆದುಕೊಳ್ಳಬಾರದು ಎಂದು ಕ್ಲೇರ್ ವಾಷಿಂಗ್ಟನ್ನಿಗೆ ಮತ್ತೆ ಮತ್ತೆ ಬರೆದಳು. ಹಾಗೆ ಬರೆದ ಟಿಪ್ಪಣಿಯೊಂದು ಮಕ್ಕಳ ಪ್ರಾಸದ ಅಣಕು ರೂಪದಲ್ಲಿತ್ತು. ನಾಟಕಕಾರ್ತಿಯ ಚಾಳಿ ಎಲ್ಲಿಗೆ ಹೋಗುತ್ತದೆ? ಆದರೆ ಈ ಸಲ ಆ ಚುರುಕು ಮಾತು ಲಕೋಟೆಯೊಳಗೆ ಉಳಿಯಿತು, ವೇದಿಕೆ ಹತ್ತಲಿಲ್ಲ. ಲಂಡನ್ನಿನಲ್ಲಿ ತಿಂಗಳುಗಟ್ಟಲೆ ಗುಟ್ಟಾಗಿ ಮಾತುಕತೆ ನಡೆಯಿತು. ಅಲ್ಲಿ ಅಮೆರಿಕದ ಪರವಾಗಿ ಕೂತವನು ಲೆವೆಲಿನ್ ಥಾಮ್ಸನ್. ಗೋಧಿಯ ಕೊರತೆಯಲ್ಲಿದ್ದ ಟಿಟೋನನ್ನು ಒಪ್ಪಿಸಲು ಅಮೆರಿಕದ ರಾಜತಂತ್ರಜ್ಞ ರಾಬರ್ಟ್ ಮರ್ಫಿ ಹೋದ. 1954ರ ಅಕ್ಟೋಬರ್ 5ರಂದು ಒಪ್ಪಂದವಾಗಿ ನಗರ ಇಟಲಿಗೆ ಸೇರಿತು. ಯಶಸ್ಸು ಹಲವರದು. ಹಟ ಬಿಡದೆ ವಾಷಿಂಗ್ಟನ್ನಿನ ಬಾಗಿಲು ತಟ್ಟಿದ್ದು ಕ್ಲೇರ್.

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಈಕೆಯ ಮಟ್ಟಿಗೆ ಗಾದೆಯ ಎರಡೂ ತುದಿ ಸುಳ್ಳಾದವು. ರೋಮ್‌ನಲ್ಲಿ ಕಾರಣ ತಿಳಿಯದ ಕಾಯಿಲೆ ಹಿಡಿಯಿತು. ತಪಾಸಣೆಯಲ್ಲಿ ದೇಹದಲ್ಲಿ ಆರ್ಸೆನಿಕ್ ವಿಷ ಕಂಡಿತು. ಅಧಿಕೃತ ನಿವಾಸ ವಿಲ್ಲಾ ತವೆರ್ನಾದಲ್ಲಿ ಆಕೆಯ ಮಲಗುವ ಕೋಣೆಯ ಚಾವಣಿಯ ಹೂಗಳಿಗೆ ಹಚ್ಚಿದ್ದ ಹಳೆಯ ಬಣ್ಣದಲ್ಲಿ ಸೀಸದ ಆರ್ಸೆನೇಟ್ ಇತ್ತು. ಅದರ ಪುಡಿ ಉದುರಿ ತಿಂಡಿ ಕಾಫಿಗೆ ಬೀಳುತ್ತಿತ್ತು ಎಂಬ ವಿವರಣೆ 1956ರಲ್ಲಿ ಹೊರಬಂತು. ನಂಬದವರೂ ಇದ್ದರು. ಆ ವರ್ಷದ ಕೊನೆಗೆ ಆಕೆ ಹುದ್ದೆ ಬಿಟ್ಟಳು.

ಜಗಳದ ಕಥೆ 1959ರದು. ಬ್ರೆಜಿಲ್‌ಗೆ ರಾಯಭಾರಿಯಾಗಿ ಆಕೆಯ ಹೆಸರು ಬಂದಾಗ ಸೆನೆಟರ್ ವೇನ್ ಮೋರ್ಸ್ ಕಟುವಾಗಿ ವಿರೋಧಿಸಿದ. ಆದರೂ ಸೆನೆಟ್ 79–11 ಮತಗಳಿಂದ ಒಪ್ಪಿತು. ಗೆದ್ದವರು ಬಾಯಿ ಮುಚ್ಚಿಕೊಂಡು ವಿಮಾನ ಹತ್ತಬೇಕು. ಆಕೆ, ಸೆನೆಟರ್ ಮೋರ್ಸ್‌ಗೆ ಹಿಂದೊಮ್ಮೆ ಕುದುರೆ ತಲೆಗೆ ಒದ್ದದ್ದೇ ತನ್ನ ತೊಂದರೆಗಳ ಮೂಲ ಎಂದಳು. ಅವನಿಗೆ ನಿಜಕ್ಕೂ ಕುದುರೆ ಒದ್ದಿತ್ತು. ‘ದಿ ವಿಮೆನ್’ನಲ್ಲಿ ಇಂಥ ಮಾತಿಗೆ ಇಡೀ ಸಭಾಂಗಣ ನಕ್ಕಿರುತ್ತಿತ್ತು. ಸೆನೆಟ್ ನಗಲಿಲ್ಲ, ಮತ ಕೊಟ್ಟವರೇ ಪಶ್ಚಾತ್ತಾಪಪಟ್ಟರು. ಕೆಲವೇ ದಿನಗಳಲ್ಲಿ ಆಕೆ ರಾಜೀನಾಮೆ ಕೊಟ್ಟಳು. ಬ್ರೆಜಿಲ್‌ಗೆ ಹೋಗಲೇ ಇಲ್ಲ.

ಇದನ್ನು ದುರಹಂಕಾರ ಎಂದು ತಳ್ಳಿಹಾಕುವುದು ಸುಲಭ. ಬಾಲ್ಯದಿಂದ ಆಕೆಗೆ ಮನೆತನದ ಆಸರೆ ಇರಲಿಲ್ಲ, ಪದವಿ ಇರಲಿಲ್ಲ. ಚೆಲುವು, ಗಂಡನ ದುಡ್ಡು ಇವು ತನ್ನವಲ್ಲ ಎಂದು ಆಕೆಗೆ ಗೊತ್ತಿತ್ತು. ತನ್ನದೇ ಎಂದು ಹೇಳಿಕೊಳ್ಳಲು ಇದ್ದದ್ದು ಮಾತು. ಅದನ್ನು ಒರೆಯಲ್ಲಿಟ್ಟುಕೊಂಡು ಇರು ಎಂದರೆ ಆಕೆಗೆ ಆಗುತ್ತಿರಲಿಲ್ಲ ಎಂದು ನನ್ನ ಊಹೆ.

ಹೆನ್ರಿ ಲೂಸ್ 1967ರಲ್ಲಿ ತೀರಿಕೊಂಡ. ಕ್ಲೇರ್ ಹವಾಯಿಯಲ್ಲಿ ನೆಲೆಸಿದಳು. 1970ರಲ್ಲಿ ಇಬ್ಸೆನ್ನನ ನೋರಾಳನ್ನು ತನ್ನ ಕಾಲಕ್ಕೆ ತಂದು ‘ಸ್ಲ್ಯಾಮ್ ದಿ ಡೋರ್ ಸಾಫ್ಟ್ಲಿ’ ಎಂಬ ಏಕಾಂಕ ಬರೆದಳು. ಮನೆಗೆಲಸಕ್ಕೆ ಸಂಬಳ ಲೆಕ್ಕ ಹಾಕಿ ಕೇಳುವ ಹೆಂಡತಿಯ ನಾಟಕ ಅದು. ಇದೇ ಲೇಖಕಿ 1964ರಲ್ಲಿ ಬಲಪಂಥದ ಬ್ಯಾರಿ ಗೋಲ್ಡ್‌ವಾಟರ್‌ನ ಬೆಂಬಲಕ್ಕೆ ನಿಂತಿದ್ದಳು, ಆಮೇಲೆ ಅಧ್ಯಕ್ಷ ರೇಗನ್ನನ ಗುಪ್ತಚರ ಸಲಹಾ ಮಂಡಳಿಯಲ್ಲಿ ಸದಸ್ಯೆಯಾಗಿದ್ದಳು. 1983ರಲ್ಲಿ ರೇಗನ್ ಕೈಯಿಂದಲೇ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಪಡೆದಳು. ಸ್ತ್ರೀವಾದಿಗಳು ಆಕೆಯನ್ನು ಪೂರ್ತಿ ತಮ್ಮವಳೆನ್ನಲಿಲ್ಲ, ಸಂಪ್ರದಾಯವಾದಿಗಳಿಗೂ ಆಕೆ ಪೂರ್ತಿ ದಕ್ಕಲಿಲ್ಲ.

1987ರ ಅಕ್ಟೋಬರ್ 9ರಂದು ವಾಷಿಂಗ್ಟನ್‌ನಲ್ಲಿ ಕ್ಲೇರ್ ನಿಧನಳಾದಳು. ಉಯಿಲಿನಂತೆ ಆಸ್ತಿಯ ಬಹುಪಾಲು, ಸುಮಾರು 7 ಕೋಟಿ ಡಾಲರ್, ಹೆನ್ರಿ ಲೂಸ್ ಪ್ರತಿಷ್ಠಾನದ ಮೂಲಕ ಒಂದು ಕಾರ್ಯಕ್ರಮಕ್ಕೆ ಹೋಯಿತು. ನಾಟಕಕಾರರಿಗಾಗಲಿ ಪತ್ರಕರ್ತರಿಗಾಗಲಿ ರಾಜತಂತ್ರಜ್ಞರಿಗಾಗಲಿ ಆ ಹಣ ಇಟ್ಟದ್ದಲ್ಲ. ವಿಜ್ಞಾನ, ಗಣಿತ, ಎಂಜಿನಿಯರಿಂಗ್‌ಗಳಲ್ಲಿ ಹೆಣ್ಣುಮಕ್ಕಳ ಮುನ್ನಡೆಗೆ ಅಡ್ಡಿಗಳಿವೆ, ಅವರು ಅಲ್ಲಿ ಓದಬೇಕು, ಪದವಿ ಪಡೆಯಬೇಕು, ಕಲಿಸಬೇಕು ಎಂದು ಇಟ್ಟದ್ದು. 1989ರಿಂದ ಆ ವಿದ್ಯಾರ್ಥಿವೇತನಗಳು, ಪ್ರಾಧ್ಯಾಪಕ ಹುದ್ದೆಗಳು ಆಕೆಯ ಹೆಸರಿನಲ್ಲಿ ನಡೆದುಬಂದಿವೆ.